ಅರಸನ ಮೋರೆ ತೊಳೆದವಳು

ಎದುರಿನ ಸೀಟಿನಲ್ಲಿ ಕೂತವರ ಕತ್ತು, ಕಾಲರಿಗೂ ನರೆಗೂದಲಿಗೂ ನಡುವಿನ ಎರಡು ಬೆರಳಗಲದ ಜಾಗ, ಅಲ್ಲೊಂದು ಬಿಳಿ ನೂಲು ಅಂಟಿಕೊಂಡಿದೆ, ತೆಗೆದುಬಿಡಲೇ ಅನ್ನಿಸಿತು ಪೂವಕ್ಕನಿಗೆ, ಕೈ ಚಾಚಿದರೆ ಸಿಕ್ಕುವಷ್ಟೇ ದೂರ — ಬೇಡ, ಈ ಕೈ ಮುಟ್ಟಿದ್ದು ಸಾಕು, ಮುಟ್ಟಿದ್ದಕ್ಕೇ ಇಷ್ಟೆಲ್ಲ ಆದದ್ದು, ಕೈಯನ್ನು ಬ್ಯಾಗಿನ ಅಡಿಗೆ ತೂರಿಸಿಕೊಂಡು ಕಿಟಕಿಯಾಚೆ ನೋಡಿದಳು. ದೋಹಾದ ಅಲ್ ಗರಾಫಾದ ವಿಲ್ಲಾಗಳ ಸಾಲು ಮುಗಿಯಿತು, ಶುಕ್ರವಾರದ ನಮಾಜು ಬಿಟ್ಟ ಹೊತ್ತು, ರಸ್ತೆಯ ತುಂಬ ಬಿಳಿ ಬಿಳಿ ಕಾರುಗಳು, ಎಲ್ಲರಿಗೂ ಊಟದ ಅವಸರ. ಎಂತ ಪೂವಕ್ಕ, ಇವತ್ತು ಮಾತೇ ಇಲ್ಲ, ಹುಷಾರಿಲ್ವಾ, ಕನ್ನಡಿಯಲ್ಲಿ ನೋಡಿ ಕೇಳಿದ ದುಗ್ಗು, ಮೇಡಂ ಮನೆಯ ಡ್ರೈವರ್, ಅವಳ ಊರಿನ ಕಡೆಯವನೇ, ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಹುಷಾರುಂಟು ಮಾರಾಯ, ನೀನು ರಸ್ತೆ ನೋಡು. ಅವಳನ್ನು ಅಲ್ ಮನ್ಸೂರಾದಲ್ಲಿ ಗೆಳತಿಯ ರೂಮಿನ ಹತ್ತಿರ ಇಳಿಸುವುದು, ವಾರಕ್ಕೊಂದು ರಜೆಯಲ್ಲವೇ, ಆಮೇಲೆ ಮುಂದೆ ಕೂತ ಈ ಒಸಾರೊ ಎಂಬ ಹಿರಿಯರನ್ನು ಏರ್‌ಪೋರ್ಟಿಗೆ ಬಿಡುವುದು, ಮೇಡಂ ಹೇಳಿದ್ದು ಹಾಗೆ. ಅರ್ಧ ಗಂಟೆಯ ದಾರಿ. ಅಷ್ಟರೊಳಗೆ ಹೇಳಬೇಕು. ಸರ್, ಪೇಪರ್ ಇತ್ತು, ಒಳಗೆ ಅಂಟಿತ್ತು, ನಾನೇ ತೊಳೆದು ಬಿಸಾಡಿದೆ, ಕೊನೆಯಲ್ಲಿ ಒಂದು ಎಂಟು ಒಂಬತ್ತು ಏಳು ಅಂತ ಬರೆದಿತ್ತು. ಇಷ್ಟೇ. ನಾಲ್ಕು ದಿನದಿಂದ ಬಾಯಿಪಾಠ ಮಾಡಿಟ್ಟ ಮಾತು, ತನಗೆ ಬರುವ ಮುರುಕು ಇಂಗ್ಲಿಷಿನಲ್ಲೂ ಜೋಡಿಸಿಟ್ಟಿದ್ದಾಳೆ, ಆದರೆ ಬಾಯಿಗೆ ಬರುವುದಿಲ್ಲ.

ಆ ಎರಡು ಬೆರಳು — ನೆನೆಯಬಾರದು ಅಂದುಕೊಂಡರೂ ಮೊದಲು ಬರುವುದು ಅದೇ, ಇವತ್ತು ಬೆಳಿಗ್ಗೆ ಇವರು ಹಿತ್ತಾಳೆಯ ತಲೆಯನ್ನು ಮಗುವನ್ನು ಮಲಗಿಸುವ ಹಾಗೆ ಓರೆ ಮಾಡಿ, ಕತ್ತಿನ ಅಡಿಯ ಬಾಯಿಯಿಂದ ಎರಡು ಬೆರಳು ಒಳಗೆ ಹಾಕಿ, ಸವರುತ್ತ ಸವರುತ್ತ ಒಂದು ಸುತ್ತು ಬಂದದ್ದು, ಹೊರಗೆ ತೆಗೆದು ನೋಡಿಕೊಂಡದ್ದು. ಏನೂ ಅಂಟಿರಲಿಲ್ಲ. ಅಂಟುವುದಾದರೂ ಎಲ್ಲಿಂದ, ಪೂವಕ್ಕ ತೊಳೆದದ್ದಲ್ಲವೇ, ಅವಳು ತೊಳೆದ ಪಾತ್ರೆಯಲ್ಲಿ ಕೊಳೆ ಕಂಡವರಿಲ್ಲ ಅಂತ ಮೇಡಮ್ಮೇ ಬಂದವರೆದುರು ಹೊಗಳುತ್ತಿದ್ದರು. ಮೇಡಂ ಇಂಗ್ಲೆಂಡಿನವರು, ಒಳ್ಳೆಯವರೇ, ಎಂಟು ವರ್ಷದಲ್ಲಿ ಒಂದು ದಿನ ದನಿ ಎತ್ತಿದವರಲ್ಲ, ಗಂಡ ತೀರಿಹೋದ ಮೇಲೆ ದೋಹಾ ಸಾಕು ಅಂತ ಮನೆ ಖಾಲಿ ಮಾಡಿಸುತ್ತಿದ್ದಾರೆ, ಹಾಗೆ ಸ್ಟೋರ್ ರೂಮು ಖಾಲಿ ಮಾಡುವಾಗ ಹಳೆಯ ಕಂಬಳಿಯೊಳಗೆ ಸಿಕ್ಕಿತು ಅದು, ಮನುಷ್ಯರ ತಲೆಯಷ್ಟೇ ಗಾತ್ರ, ಗಲ್ಲದವರೆಗೂ ಸುತ್ತಿದ ಮಣಿಯ ಪಟ್ಟಿಗಳು, ನೆತ್ತಿಯಲ್ಲಿ ಒಂದು ತೂತು, ಮೋರೆಯ ತುಂಬ ಮಸಿ, ಕಣ್ಣಿನ ಮೂಲೆಯಲ್ಲಿ ಕಂಬಳಿಯ ನೂಲು. ಕಂಡ ಕೂಡಲೇ ಗೊತ್ತಾಯಿತು ಅವಳಿಗೆ, ಇದು ಶೋಕೇಸಿನ ಗೊಂಬೆಯಲ್ಲ, ಯಾರೋ ಕೈಮುಗಿದ ಮೋರೆ ಇದು, ಇದನ್ನು ಹೀಗೆ ಇಟ್ಟರಲ್ಲ ಪಾಪಿಗಳು ಅಂದುಕೊಂಡಳು. ಊರಿನಲ್ಲಿ ದೈವದ ಮೊಗ, ಹಿತ್ತಾಳೆಯ ಮುಖವಾಡ, ವರ್ಷಕ್ಕೊಮ್ಮೆ ನೇಮೋತ್ಸವದ ಮುನ್ನಾದಿನ ಭಂಡಾರದ ಪೆಟ್ಟಿಗೆಯಿಂದ ಹೊರಗೆ ಬರುವುದು, ಅಪ್ಪ ಹುಳಿಯೂ ಬೂದಿಯೂ ಹಾಕಿ ತಿಕ್ಕುವವರು, ಸಣ್ಣ ಪೂವಕ್ಕ ಬಾವಿಯಿಂದ ನೀರು ತಂದು ಹೊಸ್ತಿಲಿನ ಹೊರಗೆ ಇಡುವವಳು, ಅಪ್ಪ ನಾನೂ ಒಮ್ಮೆ, ಬೇಡ ಮಗಾ, ಹೆಣ್ಣುಮಕ್ಕಳು ಮುಟ್ಟಲಿಕ್ಕಿಲ್ಲ, ಅಲ್ಲೇ ಕೂತು ನೋಡು. ನೋಡಿದಳು, ಮದುವೆಯಾಗಿ ಹೋಗುವವರೆಗೂ ನೋಡಿದಳು, ಕಪ್ಪು ಸರಿದು ಒಳಗಿನ ಹೊಂಬಣ್ಣ ಏಳುವಾಗ ತನ್ನ ಕೈ ತಾನೇ ಆಡುತ್ತಿತ್ತು, ಮುಟ್ಟಲಿಲ್ಲ. ಈಗ ಐವತ್ತನಾಲ್ಕು ವಯಸ್ಸು, ಅಪ್ಪ ಹೋಗಿ ಇಪ್ಪತ್ತು ವರ್ಷ, ಸಮುದ್ರದಾಚೆಯ ಮನೆಯೊಂದರ ಸ್ಟೋರ್ ರೂಮು, ಬೇಡ ಅನ್ನುವವರು ಯಾರೂ ಇರಲಿಲ್ಲ.

ಹಾಗಾಗಿ ತಿಕ್ಕಿದಳು. ಸಾರಿಗೆಂದು ತಂದ ಹುಣಸೆಹಣ್ಣು ಪೂರ್ತಿ ನೆನೆಹಾಕಿ, ಬೂದಿ ಎಲ್ಲಿಂದ ತರುವುದು ಇಲ್ಲಿ, ಬೂದಿಯ ಬದಲು ಕಲ್ಲುಪ್ಪು, ಸ್ನಾನ ಮಾಡಿ ಒದ್ದೆ ಕೂದಲು ಕಟ್ಟಿಕೊಂಡು, ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ ಅಂತ ಮನಸ್ಸಿನಲ್ಲೇ ಹೇಳಿಕೊಂಡು, ಮೊದಲು ಹಣೆ, ಆಮೇಲೆ ಹುಬ್ಬು, ರೆಪ್ಪೆ, ಮಣಿಯ ಒಂದೊಂದು ಸಾಲು — ನೀರು ಕಪ್ಪಗೆ ಹರಿದು ಸಿಂಕಿನ ತೂತಿಗೆ ಸುತ್ತಿ ಸುತ್ತಿ ಇಳಿಯಿತು, ಮೋರೆ ಮೆಲ್ಲಮೆಲ್ಲಗೆ ಎದ್ದು ಬಂತು, ಅವಳು ಅತ್ತಳು, ಯಾಕೆಂದು ಕೇಳಿದರೆ ಹೇಳಲು ಬರುವುದಿಲ್ಲ. ನೆತ್ತಿಯ ತೂತಿನಿಂದ ನೀರು ಹೊಯ್ದಳು, ಕತ್ತಿನಿಂದ ಸುರಿಯಿತು, ಒಳಗೂ ಕಪ್ಪಿರುತ್ತದಲ್ಲ ಅಂತ ನಾರು ಹಿಡಿದು ಕೈ ಹಾಕಿದಳು, ಏನೋ ಮೆತ್ತಗೆ ಜಾರಿತು, ಹಿಡಿದು ತೆಗೆದರೆ ಒಂದು ಕಾಗದ, ಕಂದು ಬಣ್ಣ, ಅಂಗೈಯಷ್ಟಗಲ, ಮೂರು ಗೆರೆ ಇಂಗ್ಲಿಷು. ಹೊಸ ಸ್ಟೀಲು ಪಾತ್ರೆ ತಂದರೆ ತಳದಲ್ಲಿ ಅಂಗಡಿಯ ಚೀಟಿ ಇರುವುದಿಲ್ಲವೇ, ನೀರಲ್ಲಿ ನೆನೆಸಿ ಉಗುರಿನಿಂದ ಕೆರೆದು ತೆಗೆಯುವುದು, ತೆಗೆಯದಿದ್ದರೆ ಪಾತ್ರೆ ಮನೆಯದ್ದಾಗುವುದಿಲ್ಲ, ಅವಳು ಎಷ್ಟು ಪಾತ್ರೆಯದ್ದು ತೆಗೆದಿಲ್ಲ. ಅಕ್ಷರ ಓದಲು ಬಾರದು, ಅಂಕಿ ಬರುತ್ತದೆ, ಅಂಕಿ ಕಂಡಲ್ಲೆಲ್ಲ ಬಾಯಿ ತನ್ನಷ್ಟಕ್ಕೆ ಓದುತ್ತದೆ, ಬಸ್ಸಿನ ನಂಬರು, ಫ್ಲ್ಯಾಟಿನ ನಂಬರು, ಇದನ್ನೂ ಓದಿತು, ಒಂದು ಎಂಟು ಒಂಬತ್ತು ಏಳು. ರೇಟಿರಬೇಕು. ಮುದ್ದೆಯಾದ ಕಾಗದವನ್ನು ಬಟ್ಟೆಯಲ್ಲಿ ಒರಸಿ ಕಸದ ಡಬ್ಬಕ್ಕೆ ಹಾಕಿದಳು, ಮರುದಿನ ಕಸದ ಲಾರಿ ಬಂತು, ಹೋಯಿತು.

ಖಲಾಸ್ ಪೂವಕ್ಕ, ಎಂತ ಮಾಡಿ ಹಾಕಿದ್ರಿ ನೀವು — ಮಾರಿಸ್ ತಲೆಯ ಮೇಲೆ ಕೈಹೊತ್ತು ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟ, ಮೇಡಮ್ಮಿನ ಕಾಗದಪತ್ರ ನೋಡುವ ಮಂಗಳೂರಿನ ಮಾರಿಸ್, ನಾಲ್ಕು ದಿನದ ಹಿಂದೆ. ಹೊಳೆಯುವ ಮೋರೆ ಕಂಡು ಮೇಡಂ ಮೊದಲು ಬೆಚ್ಚಿದರು, ಆಮೇಲೆ ನಕ್ಕರು, ಚೀಟಿಯ ವಿಷಯ ಅವರಿಗೆ ಗೊತ್ತಿಲ್ಲ, ಮಾರಿಸ್‌ಗೆ ಮಾತ್ರ ಅವಳು ಹೇಳಿದ್ದು, ಅವನೋ ಅದು ಏನೆಂದು ಬಿಡಿಸಿ ಹೇಳಿದ. ನೈಜೀರಿಯಾದಲ್ಲಿ ಬೆನಿನ್ ಅಂತ ಒಂದು ಅರಸೊತ್ತಿಗೆ, ಅಲ್ಲಿ ಅರಸ ಸತ್ತರೆ ಮಗ ಹಿತ್ತಾಳೆಯಲ್ಲಿ ಅಪ್ಪನ ತಲೆ ಎರಕ ಹೊಯ್ಸಿ ಪೂಜೆಯ ಕಟ್ಟೆಯ ಮೇಲೆ ಇಡ್ತಾನೆ, ನೆತ್ತಿಯ ತೂತಿಗೆ ಆನೆದಂತ ನಿಲ್ಲಿಸ್ತಾರೆ, ಅದನ್ನು ಬ್ರಿಟಿಷ್ ಸೈನ್ಯ ಬಂದು ಅರಮನೆ ಲೂಟಿ ಮಾಡಿ ಹೊತ್ಕೊಂಡು ಹೋದದ್ದು, ಊರಿಗೆ ಬೆಂಕಿ ಬಿತ್ತು, ಅರಸನನ್ನು ಹಿಡಿದು ಗಡೀಪಾರು ಮಾಡಿದ್ರು, ಅವ ಅಲ್ಲೇ ಸತ್ತ, ಲೂಟಿ ಆದದ್ದು ಸಾವಿರದ ಎಂಟುನೂರ ತೊಂಬತ್ತೇಳು. ಒಂದು ಎಂಟು ಒಂಬತ್ತು ಏಳು. ಮೇಡಮ್ಮಿನ ಗಂಡನ ಅಜ್ಜ ಆ ಸೈನ್ಯದಲ್ಲಿ ಇದ್ದವ, ತಲೆಯೊಳಗೆ ತನ್ನ ಹೆಸರು, ಜಾಗ, ಇಸವಿ ಬರೆದು ಅಂಟಿಸಿದ್ದಾನೆ ಅಂತ ಗಂಡ ಹೇಳ್ತಿದ್ರಂತೆ, ಮೇಡಮ್ಮಿಗೆ ವಾಪಸ್ ಕೊಡುವ ಮನಸ್ಸು ಉಂಟು, ಮಕ್ಕಳು ಒಪ್ಪುದಿಲ್ಲ, ಅಜ್ಜ ಆಮೇಲೆ ಯಾವುದೋ ಅಂಗಡಿಯಲ್ಲಿ ತಗೊಂಡ ನಕಲು ಅಂತಾರೆ, ಬರಹ ಸಿಕ್ಕಿದ್ರೆ ಆ ಊರಿಗೆ, ಸಿಕ್ಕದಿದ್ರೆ ಲಂಡನ್ನಿನಲ್ಲಿ ಏಲಕ್ಕೆ. ಅದನ್ನು ನೋಡ್ಲಿಕ್ಕೆ ಶುಕ್ರವಾರ ಅಲ್ಲಿಂದ ಒಬ್ಬರು ಬರ್ತಾರೆ. ಹೇಳುವ ಮಾರಿಸ್, ಮೇಡಮ್ಮಿಗೆ ಹೇಳುವ, ಅಂಕಿ ನನಗೆ ನೆನಪುಂಟು, ಅಂದಳು ಪೂವಕ್ಕ. ಸುಮ್ಮನಿರಿ, ಕೇಳಿದ್ರೆ ಇಲ್ಲಿಯ ಅರಬಿಗಳ ಹಾಗೆ ಮಾಫಿ ಅನ್ನಿ, ಎಂತ ಇರಲಿಲ್ಲ ಅಂತ, ಐನ್ ಖಾಲಿದ್‌ನ ಮನೆಯವರು ನಿಮ್ಮನ್ನು ಕೆಲಸಕ್ಕೆ ತಗೊಳ್ಳುದು ಮೇಡಂ ಲೆಟರ್ ಕೊಟ್ರೆ ಮಾತ್ರ, ಮನೆಯ ಸಾಮಾನು ಹಾಳು ಮಾಡಿದವಳಿಗೆ ಯಾರು ಲೆಟರ್ ಕೊಡ್ತಾರೆ, ಊರಿಗೆ ಹೋಗಿ ಎಂತ ಮಾಡ್ತೀರಿ, ಮೋಕ್ಷಾಳ ನರ್ಸಿಂಗ್ ಇನ್ನೂ ಎರಡು ವರ್ಷ ಉಂಟಲ್ಲ. ಮಗಳ ಹೆಸರು ತೆಗೆದ ಮೇಲೆ ಪೂವಕ್ಕ ಬಾಯಿ ಮುಚ್ಚಿದಳು, ಯಾವ ತಾಯಿಯೂ ಮುಚ್ಚುತ್ತಿದ್ದಳು, ಹಾಗಂತ ಈಗ ಸಮಾಧಾನವೇನೂ ಇಲ್ಲ. ಇವತ್ತು ಬೆಳಿಗ್ಗೆ ಇವರು ಬಂದರು, ಬೂದು ಬಣ್ಣದ ಹಳೆಯ ಕೋಟು, ಊರಲ್ಲಿ ಮೇಷ್ಟ್ರಂತೆ, ಅರಮನೆಗೆ ಎರಕ ಹೊಯ್ಯುತ್ತಿದ್ದ ಕುಲವಂತೆ, ಹೊಳೆಯುವ ತಲೆಯೆದುರು ಬಂದು ನಿಂತರು, ಮೇಡಂ ಕ್ಷಮೆ ಕೇಳತೊಡಗಿದರು, ಅವಳಿಗೆ ಗೊತ್ತಿರಲಿಲ್ಲ, ಹಳೆಯ ಬಣ್ಣ ಹೋಯಿತು — ಇವರು ಕೈಯೆತ್ತಿ ತಡೆದರು, ನಮ್ಮಲ್ಲಿ ಇದು ಕಪ್ಪಗೆ ಇದ್ದದ್ದೇ ಇಲ್ಲ, ಕಪ್ಪಾದದ್ದು ನಿಮ್ಮ ಮನೆಗಳಲ್ಲಿ. ಆಮೇಲೆ ಆ ಎರಡು ಬೆರಳು. ಒಳಗೆ ಹೋದದ್ದು, ಸುತ್ತಿ ಬಂದದ್ದು, ಹೊರಗೆ ಬಂದದ್ದು. ಪೇಪರ್ ಏನಾದರೂ ಇತ್ತೇ ಅಂತ ಅವಳ ಮೋರೆ ನೋಡಿ ಕೇಳಿದರು, ಬಾಗಿಲ ಹತ್ತಿರ ಮಾರಿಸ್ ಕೆಮ್ಮಿದ, ಮಾಫಿ ಸರ್ ಅಂದಳು ಪೂವಕ್ಕ, ನೋ ಪೇಪರ್.

ಸಿಗ್ನಲ್. ಕಾರು ನಿಂತಿತು. ಇವರು ಫೋನಿನಲ್ಲಿ ಏನೋ ನೋಡುತ್ತಿದ್ದಾರೆ, ಸೀಟಿನ ಸಂದಿನಿಂದ ಕಾಣುತ್ತದೆ, ಕಪ್ಪುಬಿಳುಪು ಪಟ, ಟೋಪಿ ಹಾಕಿದ ಬಿಳಿಯರು ಅಂಗಳದಲ್ಲಿ ಕೂತಿದ್ದಾರೆ, ಅವರ ಕಾಲ ಬುಡದಲ್ಲಿ ರಾಶಿ, ತಲೆಗಳು, ಹಲಗೆಗಳು, ದಂತಗಳು, ಸಂತೆಯಲ್ಲಿ ಕುಂಬಳಕಾಯಿ ಸುರಿದ ಹಾಗೆ. ಇದರಲ್ಲಿ ಒಂದು ಮೋರೆ ಅವಳು ತೊಳೆದದ್ದೇ ಇರಬಹುದು, ಇಲ್ಲದಿರಬಹುದು, ಎಷ್ಟು ಬೆರಳಾಡಿಸಿ ದೊಡ್ಡದು ಮಾಡಿ ನೋಡುತ್ತಾರೆ ಪಾಪ, ಪಟದಲ್ಲಿ ಏನು ಸಿಗುತ್ತದೆ, ಸಿಗಬೇಕಾದ್ದು ಹಿಂದಿನ ಸೀಟಿನಲ್ಲಿ ಕೂತಿದೆ. ಥಟ್ಟನೆ ಇವರು ದುಗ್ಗುವಿನ ಹತ್ತಿರ ಏನೋ ಕೇಳಿದರು, ದುಗ್ಗು ಕನ್ನಡಿಗೆ ನಕ್ಕ, ಪೂವಕ್ಕ, ಎಂತದ್ರಲ್ಲಿ ತಿಕ್ಕಿದ್ದು ಅಂತ ಕೇಳ್ತಾರೆ. ಹುಳಿಯಲ್ಲಿ. ಹುಳಿ ಉಪ್ಪು. ಟ್ಯಾಮರಿಂಡ್ ಅಂದ ದುಗ್ಗು. ಯಾರು ಕಲಿಸಿದ್ದು ಅಂತ. ಅಪ್ಪ, ಕಲಿಸಲಿಲ್ಲ, ನಾನು ನೋಡಿದ್ದು. ದುಗ್ಗು ಹೇಳಿದ, ಇವರು ತಲೆಯಾಡಿಸಿದರು, ತುಂಬ ಹೊತ್ತು ಮಾತಾಡಿದರು, ಹಸಿರು ಬಿತ್ತು, ಹಿಂದಿನವನು ಹಾರ್ನ್ ಹೊಡೆದ, ದುಗ್ಗು ಗೇರ್ ಹಾಕುತ್ತ ತಿರುಗಿಸಿ ಹೇಳಿದ, ಅವರಲ್ಲಿ ನಿಂಬೆಹುಳಿ ಮತ್ತೆ ಮರಳಂತೆ ಪೂವಕ್ಕ, ಹಬ್ಬಕ್ಕೆ ಮುಂಚೆ ತಿಕ್ಕುದಂತೆ, ಇವರ ಅಜ್ಜ ಹುಟ್ಟುವಾಗಲೇ ಎಲ್ಲ ಹೋಗಿ ಆಗಿತ್ತು, ಆದ್ರೂ ಅಜ್ಜ ಒಂದು ಗಡಿಗೆಯಲ್ಲಿ ಹೊಳೆಯ ಮರಳು ತುಂಬಿಸಿ ಇಟ್ಟಿದ್ರಂತೆ, ವಾಪಸ್ ಬಂದ ದಿನ ಹುಡುಕ್ಲಿಕ್ಕೆ ಹೋಗುದು ಬೇಡ ಅಂತ, ಅಜ್ಜ ಸತ್ತು ಅಪ್ಪ ಇಟ್ಕೊಂಡ್ರು, ಈಗ ಇವರ ಹತ್ತಿರ ಉಂಟಂತೆ. ಈಗಲೂ ಉಂಟಾ? ಉಂಟಂತೆ. ಆ ಕೆಲಸ ಈ ಮನುಷ್ಯನದ್ದು, ಮೂರು ತಲೆಮಾರು ಮರಳು ಇಟ್ಟುಕೊಂಡು ಕೂತವರದ್ದು, ಅದನ್ನು ಅವಳು ಒಂದು ಮಧ್ಯಾಹ್ನ ಅಡುಗೆಮನೆಯ ಸಿಂಕಿನಲ್ಲಿ ಮುಗಿಸಿಬಿಟ್ಟಳು, ಅದೂ ಸಾಲದೆ ಚೀಟಿ. ಹೋಗಲಿ ಲೆಟರು, ಹೋಗಲಿ ಐನ್ ಖಾಲಿದ್, ಮೋಕ್ಷಾಳಿಗೆ ಬೇರೆ ಏನಾದರೂ ದಾರಿ ಆಗುತ್ತದೆ, ಹೇಳುತ್ತೇನೆ, ಈಗಲೇ ಹೇಳುತ್ತೇನೆ, ಸರ್ ಅಂದಳು, ದನಿ ಗಟ್ಟಿಯಾಗಿಯೇ ಬಂತು. ಇವರು ತಿರುಗಿದರು. ಮೊದಲ ಬಾರಿಗೆ ಅಷ್ಟು ಹತ್ತಿರದಿಂದ ಮೋರೆ ಕಂಡಿತು, ಕಣ್ಣು ಕೆಂಪಾಗಿತ್ತು, ಅವಳು ಬಾಯಿ ತೆರೆಯುವ ಮೊದಲೇ ಸೀಟಿನ ಮೇಲಿನಿಂದ ಎರಡು ಕೈಯನ್ನೂ ಚಾಚಿ ಅವಳ ಕೈ ಹಿಡಿದುಕೊಂಡು ಮೆಲ್ಲಗೆ ಏನೋ ಹೇಳಿದರು, ದುಗ್ಗು ಕನ್ನಡದಲ್ಲಿ ಹೇಳಿದ, ಬರಿಗೈಯಲ್ಲಿ ಹೋಗುದಲ್ಲ ನಾನು ಅಂತಾರೆ, ಕಾಗದ ಸಿಕ್ಕಲಿಲ್ಲ, ಅದು ನಮ್ಮ ಗ್ರಹಚಾರ, ಆದ್ರೆ ನಮ್ಮ ಅರಸನ ಮೋರೆಯನ್ನು ಒಬ್ಬ ತಾಯಿ ಭಕ್ತಿಯಲ್ಲಿ ತೊಳೆದಿದ್ದಾಳೆ ಅಂತ ಊರಲ್ಲಿ ಹೇಳ್ತೇನೆ, ಅಷ್ಟು ಸಾಕು ಅಂತಾರೆ. ಇನ್ನು ಯಾವ ಬಾಯಿಯಿಂದ ಹೇಳುವುದು. ಹೇಳಿದರೆ ಆ ಒಂದು ಮಾತನ್ನೂ ಅವರ ಕೈಯಿಂದ ಕಸಿದುಕೊಂಡ ಹಾಗೆ, ಹೇಳದಿದ್ದರೆ ಅರಸನ ತಲೆಯೇ ಏಲಕ್ಕೆ ಹೋದ ಹಾಗೆ. ನಾಚಿಕೆಯಾಯಿತು ಪೂವಕ್ಕನಿಗೆ, ಹೆದರಿಕೆಗಿಂತ ನಾಚಿಕೆಯೇ ದೊಡ್ಡದಾಯಿತು, ಥ್ಯಾಂಕ್ಯೂ ಸರ್ ಅಂದಳು.

ಮನ್ಸೂರಾ ಬಂತು, ಹೋಟೆಲಿನಿಂದ ಮೀನು ಕರಿಯುವ ವಾಸನೆ, ಮೆಟ್ರೋ ಕಡೆಯಿಂದ ಗುಂಪು ಗುಂಪು ಜನ, ಇಳಿಯಿರಿ ಪೂವಕ್ಕ, ಇಲ್ಲಿ ಜಾಸ್ತಿ ನಿಲ್ಸ್ಲಿಕ್ಕಾಗುದಿಲ್ಲ, ಇಳಿದಳು, ಬಾಗಿಲು ಹಾಕಿದಳು, ಗಾಜಿನ ಆಚೆಯಿಂದ ಇವರು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು, ಕಾರು ಹೋಯಿತು. ಒಂದು ಎಂಟು ಒಂಬತ್ತು ಏಳು. ಈಗ ಬಂತು ಬಾಯಿಗೆ, ಫುಟ್‌ಪಾತಿನಲ್ಲಿ, ಬಿಸಿಲಿಗೆ ನಿಂತು ಗಟ್ಟಿಯಾಗಿಯೇ ಹೇಳಿದಳು, ಪಕ್ಕದಲ್ಲಿ ಹೋಗುತ್ತಿದ್ದ ಮಲಯಾಳಿ ಹೆಂಗಸು ತಿರುಗಿ ನೋಡಿತು. ಇನ್ನೂ ಹೊತ್ತು ಮೀರಿಲ್ಲ, ವಿಮಾನ ಸಂಜೆಗೆ, ಫೋನು ಬ್ಯಾಗಿನಲ್ಲೇ ಇದೆ, ದುಗ್ಗುವಿನ ನಂಬರು ಒತ್ತಿದಳು, ಎರಡೇ ರಿಂಗು, ಹೇಳಿ ಪೂವಕ್ಕ, ಎಂತಾದ್ರೂ ಬಿಟ್ಟು ಹೋದ್ರಾ ಕಾರಲ್ಲಿ. ಅವನ ಹಿಂದೆ ಇವರ ದನಿ, ಯಾರೊಂದಿಗೋ ಫೋನಿನಲ್ಲಿ, ತಮ್ಮ ಭಾಷೆಯಲ್ಲಿ, ನಡುನಡುವೆ ನಗು, ಟ್ಯಾಮರಿಂಡ್ ಅಂದದ್ದು ಮಾತ್ರ ಅರ್ಥವಾಯಿತು, ಊರಿಗೆ ಆಗಲೇ ಸುದ್ದಿ ಹೇಳುತ್ತಿದ್ದಾರೆ. ಪೂವಕ್ಕ, ಕೇಳ್ತುಂಟಾ? ಕೇಳ್ತುಂಟು. ಎಂತ ಇಲ್ಲ ದುಗ್ಗು, ನಿಧಾನ ಹೋಗು ಅಂತ ಹೇಳ್ಲಿಕ್ಕೆ ಮಾಡಿದ್ದು. ಅವನು ಸರಿ ಅಂದ, ಲೈನು ಸತ್ತಿತು, ಫೋನು ಕಿವಿಯಲ್ಲೇ ಉಳಿಯಿತು, ದಾರಿಗಡ್ಡ ನಿಂತಿದ್ದೇನೆ ಅಂತ ಗೊತ್ತು, ಗೆಳತಿ ಊಟಕ್ಕೆ ಕಾಯುತ್ತಾಳೆ, ಹೋಗಬೇಕು, ಇನ್ನೊಮ್ಮೆ ಮಾಡಬೇಕು, ಮಾಡಿದರೆ ಏನೆಂದು ಹೇಳಬೇಕು, ಮೊದಲ ಮಾತು ಯಾವುದು, ಸರ್, ಸರ್ ಆದ ಮೇಲೆ — ಬೆರಳು, ಎರಡು ಬೆರಳು, ಕತ್ತಿನೊಳಗಿಂದ ಹೊರಗೆ ಬರುತ್ತವೆ, ಇವರು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ, ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ, ಒಂದು ಚೂರು ಮಸಿಯೂ ಇಲ್ಲ.