ಹತ್ತು ಸಾವಿರದ ಒಂದು ಹುಣಸೆ ಬೀಜ

ನಾನು ಹತ್ತು ಸಾವಿರದ ಒಂದು. ಧಾರವಾಡ ಸೀಮೆಯ ಒಂದು ಶಾಲೆಯಲ್ಲಿ, ಗದಿಗೆಪ್ಪ ಮಾಸ್ತರ ಸೀಮೆಸುಣ್ಣದ ತುದಿಯಲ್ಲಿ ಹುಟ್ಟಿದೆ. ಎರಡು ಕೊನೆಗೆ ಒಂದೊಂದು ಒಂದು, ನಡುವೆ ಮೂರು ಸೊನ್ನೆ. ಹಿಂದಿನಿಂದ ಓದಿದರೂ ನಾನೇ. ಬಾಯಿಯಂಥ ಸೊನ್ನೆ ಮೂರಿದ್ದರೂ ನನಗೆ ಮಾತು ಬಾರದು.

ಒಂದನ್ನೂ ನನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ‘ಅವಿಭಾಜ್ಯ’ ಕುಲ ನನ್ನದೋ ಅಲ್ಲವೋ ಎಂದು ಮಾಸ್ತರು ಪರೀಕ್ಷಿಸತೊಡಗಿದರು. ನೂರರೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕಿತ್ತು. ನೂರು ನೂರಲ ಹತ್ತು ಸಾವಿರ, ನನಗಿಂತ ಒಂದೇ ಕಡಿಮೆ. ಮೂರು ಸೋತಿತು, ಏಳು ಸೋತಿತು, ಎಪ್ಪತ್ತೊಂದೂ ಸೋತಿತು. ಅಷ್ಟರಲ್ಲಿ ಬಿಸಿಯೂಟದ ನೀಲವ್ವ ಗಂಟೆ ಹೊಡೆದಳು. ಸಾರಿನ ವಾಸನೆ ಬಂತು.

“ಇಷ್ಟರಿಂದ ಹೋಗದ್ದು ಇನ್ಯಾತರಿಂದ ಹೋಗತದ” ಎಂದು ಮಾಸ್ತರು ‘ಅವಿಭಾಜ್ಯ’ ಎಂದು ಬರೆದು ಎದ್ದರು. ಮುಂದಿನ ಸರದಿ ಎಪ್ಪತ್ಮೂರರದಿತ್ತು.

ಗೌರವ ಡಾಕ್ಟರೇಟಿನಂತೆ ಹೀಗೆ ಪದವಿ ಸಿಕ್ಕಿತು. ಬೇಡವೆನ್ನಲಿಲ್ಲ. ಎಣ್ಣೆಬಣ್ಣದಲ್ಲಿ ಗೋಡೆ ಏರಿದೆ. ಮಾಸ್ತರು ನನ್ನಷ್ಟೇ ಹುಣಸೆ ಬೀಜ ಕೂಡಿಸಿ, ಚೀಲಕ್ಕೆ ತುಂಬಿಸಿ, ಪ್ರತಿ ವರ್ಷ ಸವಾಲು ಹಾಕುತ್ತಿದ್ದರು: “ಇವನ್ನ ಸರೀ ಸಾಲಿನಾಗ ಜೋಡಸ್ರಿ. ಕಡೀ ಸಾಲು ತುಂಬಿದ್ರ ನಾ ಮಾಸ್ತರಕಿ ಬಿಡ್ತೀನಿ.” ಮಕ್ಕಳು ನೂರರ ಸಾಲು ಹಾಕಿ, ಒಂದು ಉಳಿದದ್ದು ಕಂಡು ಕೈಮುಗಿಯುತ್ತಿದ್ದರು. ಹತ್ತೊಂಬತ್ತು ವರ್ಷ ನಾನು ಬೀಗಿದೆ.

ಮಾಸ್ತರು ನಿವೃತ್ತರಾದರು. ಬೀಳ್ಕೊಡುಗೆಗೆಂದು ನೀಲವ್ವ ಆ ಬೀಜಗಳನ್ನೆಲ್ಲ ಪ್ಲೈವುಡ್ ಹಲಗೆಗೆ ಅಂಟಿಸಿದಳು. ಕೊನೆಯ ಸಾಲಿನ ಕೊರತೆ ಮುಚ್ಚಲು ಕಾಗದದ ಹೂವೂ ಸಿದ್ಧವಿತ್ತು. ಹಲಗೆಯ ಅಗಲಕ್ಕೆ ಸಾಲಿಗೆ ನೂರಾ ಮೂವತ್ತೇಳು ಬೀಜ ಹಿಡಿದವು. ಎಪ್ಪತ್ಮೂರನೆಯ ಸಾಲು ತುಂಬುವ ಹೊತ್ತಿಗೆ ಚೀಲ ಬರಿದಾಯಿತು. ಹೂವಿಗೆ ಜಾಗವೇ ಇಲ್ಲ.

ಸಮಾರಂಭಕ್ಕೆ ಮುಂಚೆ ಅವಳು ಮಾಸ್ತರನ್ನು ಅಡುಗೆಕೋಣೆಗೆ ಕರೆದಳು.

“ಸರ, ಕಡೀ ಸಾಲು ತುಂಬೇತ್ರಿ.”

ಮಾಸ್ತರು ಸಾಲು ಎಣಿಸಿದರು. ಮತ್ತೊಮ್ಮೆ ಎಣಿಸಿ ಅಕ್ಕಿ ಚೀಲದ ಮೇಲೆ ಕೂತರು.

“ಹೊರಗ ಊರ ಮಂದಿ ಕೂತಾರ. ನಾಕು ಬೀಜ ಕಿತ್ತು ಹೂ ಹಚ್ಚತೀನ್ರಿ. ಯಾರು ಎಣಸ್ತಾರ?”

“ನಾ ಎಣಸೀನಲ್ಲ, ನೀಲವ್ವ.”

ಅವಳು ಹೂವನ್ನು ಹಲಗೆಯ ಮೇಲಿಟ್ಟಳು.

“ಅವತ್ತ ನಿನ್ನ ಸಾರಿನ ವಾಸನಿಗೆ ಲೆಕ್ಕ ಅರ್ಧಕ್ಕ ಬಿಟ್ಟೆದ್ದೆ.”

“ನನ್ನ ಸಾರಿನ ಮ್ಯಾಲ ಹಾಕಬ್ಯಾಡ್ರಿ ಸರ. ದಿನಾ ಎರಡು ಸಲ ಹಾಕಿಸ್ಕೊಂಡವ್ರು ನೀವು.”

ಮಾಸ್ತರು ನಕ್ಕು, ಹೂವನ್ನು ಜೇಬಿಗಿಟ್ಟುಕೊಂಡು ಹೊರಗೆ ಹೋದರು. ಹಾರ ಹಾಕಿಸಿಕೊಂಡರು, ಭಾಷಣ ಮಾಡಲಿಲ್ಲ. ಕಪ್ಪುಹಲಗೆ ತರಿಸಿ ನನ್ನನ್ನು ಬರೆದು, ಎಪ್ಪತ್ಮೂರರಿಂದ ಭಾಗಿಸತೊಡಗಿದರು. ಊಟದ ಹೊತ್ತಾಗಿತ್ತು.

“ನೀಲವ್ವ, ಇವತ್ತ ಗಂಟಿ ಸ್ವಲ್ಪ ತಡಾ ಹೊಡಿ.”

ಶೇಷ ಸೊನ್ನೆ ಎಂದು ಬರೆದು ಅಡಿಗೆರೆ ಎಳೆದರು. “ಹತ್ತೊಂಬತ್ತು ವರ್ಷ ತಪ್ಪು ಕಲಿಸೀನಿ” ಎಂದರು. ಆಮೇಲೆ ಗಂಟೆ ಹೊಡೆಯಿತು.

ಗೋಡೆಗೆ ಸುಣ್ಣ ಬಳಿದರು, ಪದವಿ ಹೋಯಿತು. ಬೀಜದ ಹಲಗೆ ಹೊತ್ತು ಬಸ್ಸು ಹತ್ತಲಾಗದೆ ಮಾಸ್ತರು ನನ್ನನ್ನು ಇಲ್ಲೇ ಬಿಟ್ಟರು. ಈಗ ಅಡುಗೆಕೋಣೆಯ ಮೂಲೆಯಲ್ಲಿ ಒರಗಿದ್ದೇನೆ. ಎಪ್ಪತ್ಮೂರೂ ನೂರಾ ಮೂವತ್ತೇಳೂ ಮೊದಲಿನಿಂದಲೂ ನನ್ನೊಳಗೇ ಇದ್ದವು. ಮುಚ್ಚಿಡುವ ಕೆಲಸ ತಪ್ಪಿದ್ದರಿಂದ ಹಗುರಾಗಿದ್ದೇನೆ. ನೀಲವ್ವ ಈಗಲೂ ಗಂಟೆ ಹೊಡೆಯುತ್ತಾಳೆ. ಹೊಡೆಯುವ ಮುಂಚೆ ಮಾತ್ರ ತರಗತಿಯೊಳಗೆ ಒಮ್ಮೆ ಇಣುಕುತ್ತಾಳೆ, ಯಾರಾದರೂ ಭಾಗಾಕಾರದ ನಡುವೆ ಇದ್ದಾರೇನೋ ಎಂದು.