ಹತ್ತು ಮೀಟರಿಗಿಂತ ಚಿಕ್ಕ ಗೆರೆಗಳು

ಅಕ್ಕನ ಬೈಂಡಿಂಗ್ ಅಂಗಡಿಯಿಂದ ನೀರು ಇಳಿದಿತ್ತು, ಕೆಸರು ಇಳಿದಿರಲಿಲ್ಲ. ಹೊಲಿಗೆ ಮುಗಿದು ರಟ್ಟಿಗಾಗಿ ಕಾದಿದ್ದ ಗ್ರಂಥಾಲಯದ ಪುಸ್ತಕಗಳು ಉಬ್ಬಿ, ಒಂದಕ್ಕೊಂದು ಕಚ್ಚಿಕೊಂಡು, ಒದ್ದೆ ಇಟ್ಟಿಗೆಯ ಗೋಡೆಯಂತೆ ಕೂತಿದ್ದವು. ಮಳೆ ನಿಲ್ಲದೆ ಹಿಂದಿನ ಮಧ್ಯಾಹ್ನ ಜಲಾಶಯದ ಬಾಗಿಲು ತೆಗೆದಿದ್ದರು. ಹಳ್ಳದ ಪಕ್ಕದ ಬೀದಿಗಳಿಗೆಲ್ಲ ಎರಡು ಗಂಟೆ ಮೊದಲೇ ಫೋನಿಗೆ ಎಚ್ಚರಿಕೆ ಹೋಗಿತ್ತು. ತಗ್ಗಿನ ಓಣಿಗೆ ಮಾತ್ರ ಹೋಗಿರಲಿಲ್ಲ.

ಆ ಎಚ್ಚರಿಕೆ ಕಳಿಸುವ ಕಚೇರಿಯಲ್ಲೇ ತಂಗಿಗೆ ಕೆಲಸ.

"ನಿಮ್ಮ ನಕ್ಷೆಗೆ ನಮ್ಮ ಓಣಿ ಕಾಣಲ್ವೇನೇ?" ಅಕ್ಕ ಒಂದು ಪುಸ್ತಕವನ್ನು ಹಿಂಡುತ್ತ ಕೇಳಿದಳು. "ನನ್ನ ತಂಗಿ ಅಲ್ಲಿದ್ದಾಳೆ, ನೀರು ಬಂದ್ರೆ ಮೊದಲು ನಮಗೇ ಗೊತ್ತಾಗೋದು ಅಂತ ಊರೆಲ್ಲ ಡಂಗುರ ಹೊಡೆದಿದ್ದೆ. ಪಕ್ಕದ ಮನೆಯವಳು ಮಂಚದ ಮೇಲೆ ನಿಂತ್ಕೊಂಡು ನನ್ನ ನೋಡಿದ ನೋಟ ನೀನು ನೋಡಬೇಕಿತ್ತು."

ತಂಗಿ ಅಕ್ಕನ ಮಾತಿಗೆ ಮಾತು ಕೊಡುವ ಪೈಕಿಯವಳಲ್ಲ. ಅಕ್ಕನ ಮುಂದೆ ನುಂಗಿದ ಸಿಟ್ಟು ಬೇರೆಲ್ಲೋ ಹೊರಬೀಳುವುದು ಅವಳ ಸ್ವಭಾವ. ಚಪ್ಪಲಿಯಲ್ಲಿ ಕೆಸರು ಪಚಪಚ ಎನ್ನುತ್ತಿದ್ದರೂ ತೊಳೆಯದೆ, ನಡೆದೇ ಕಚೇರಿಗೆ ಹೋದಳು. ಹೋಗುವಷ್ಟರಲ್ಲಿ ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು.

ಎರಡು ವರ್ಷದ ಹಿಂದೆ ಆ ಕಚೇರಿಯಲ್ಲಿ ಹಳ್ಳಗಳೆಲ್ಲ ಕಾಗದದ ಸುರುಳಿಗಳಲ್ಲಿ ಧೂಳು ತಿನ್ನುತ್ತಿದ್ದವು. ಅವನ್ನು ಒಂದೊಂದೇ ಬಿಚ್ಚಿಸಿ, ಪ್ರತಿ ಹಳ್ಳ, ಪ್ರತಿ ಕಾಲುವೆಯನ್ನು ಅದರ ಜಾಗ, ಉದ್ದ, ಇಳಿಜಾರಿನ ಸಮೇತ ಡೇಟಾಬೇಸಿಗೆ ಸೇರಿಸಿದವಳು ಅವಳು. ಆ ಡೇಟಾಬೇಸನ್ನು ಪುಕ್ಕಟೆಯಾಗಿ ಸಿಗುವ ಮುಕ್ತ ನಕ್ಷೆ ತಂತ್ರಾಂಶಕ್ಕೆ ಜೋಡಿಸಿದವಳೂ ಅವಳೇ. ಯಾವ ಮೇಜಿನಲ್ಲಿ ಕೂತು ಗೆರೆ ತಿದ್ದಿದರೂ ಎಲ್ಲರ ಪರದೆಯಲ್ಲೂ ಅದು ತಿದ್ದಿಹೋಗುತ್ತಿತ್ತು. ಇಲ್ಲಿಂದ ನೀರು ಬಿಟ್ಟರೆ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಡೇಟಾಬೇಸು ಗೆರೆಯಿಂದ ಗೆರೆಗೆ ಇಳಿಯುತ್ತ ಬೀದಿಗಳ ಪಟ್ಟಿ ಕೊಡುತ್ತಿತ್ತು. ಗೆರೆಗೆ ಗೆರೆ ತಾಗಿರಬೇಕು, ಅಷ್ಟೆ. ತಾಗದಿದ್ದರೆ ನೀರು ಅಲ್ಲಿಗೇ ನಿಂತಿತೆಂದು ಅದು ನಂಬುತ್ತಿತ್ತು.

ಪರದೆಯಲ್ಲಿ ತಗ್ಗಿನ ಓಣಿಯ ಕಾಲುವೆ ಹಳ್ಳಕ್ಕೆ ಕೂಡಿದಂತೆಯೇ ಕಾಣುತ್ತಿತ್ತು. ಅವಳು ಹಿಗ್ಗಿಸಿದಳು. ಇನ್ನೂ ಹಿಗ್ಗಿಸಿದಳು. ದಪ್ಪ ನೀಲಿ ಗೆರೆ ಎರಡಾಯಿತು. ನಡುವೆ, ರಸ್ತೆಯ ಅಡಿಯಲ್ಲಿ ನೀರು ದಾಟಿಸುವ ಮೋರಿ ಇರಬೇಕಾದ ಕಡೆ, ಎಂಟು ಮೀಟರ್ ಬರೀ ಬಿಳಿ.

ಗೆರೆ ಎಳೆಯುವ ಕೆಲಸ ಟೇಪಣ್ಣನದು. ಮೂವತ್ತು ವರ್ಷ ಟೇಪು ಹಿಡಿದು ಹಳ್ಳ ಅಳೆದ ನಕ್ಷೆಗಾರ. ಹೆಸರು ಹಾಗೆ ಅಂಟಿಕೊಂಡಿತ್ತು. ನಿವೃತ್ತನಾದ ಮೇಲೆ ಗುತ್ತಿಗೆಯ ಮೇಲೆ ಮತ್ತೆ ಬಂದು ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತಿದ್ದ. ಕತ್ತಿನಲ್ಲಿ ಎರಡು ಕನ್ನಡಕ: ಒಂದು ಪರದೆಗೆ, ಇನ್ನೊಂದು ಮನುಷ್ಯರಿಗೆ.

"ತಗ್ಗಿನ ಓಣಿ ಮೋರಿ ಎಲ್ಲಿ?" ಅವಳು ಅವನ ಮೇಜಿನ ಮುಂದೆ ನಿಂತಳು.

"ಇದ್ದಲ್ಲೇ ಇದೆ. ರಸ್ತೆ ಕೆಳಗೆ."

"ನಕ್ಷೆಯಲ್ಲಿ ಕೇಳ್ತಿದೀನಿ."

"ನಕ್ಷೆಯಲ್ಲೂ ಇದೆ ಮೇಡಂ. ನಾನೇ ಹಾಕಿದ್ದು. ಎಂಟು ಮೀಟರ್ ಹತ್ತು ಸೆಂಟಿಮೀಟರ್, ಎರಡು ಕಿಂಡಿಯ ಮೋರಿ."

"ಬನ್ನಿ, ನೋಡಿ." ಅವನು ಎದ್ದುಬಂದು ನೋಡಿದ. ಕನ್ನಡಕ ಬದಲಾಯಿಸಿ ಇನ್ನೊಮ್ಮೆ ನೋಡಿದ.

"ಹಾಕಿದ್ದೆ," ಎಂದ.

"ಹಾಕಿದ್ರೆ ಅದಕ್ಕೇನು ಕಾಲು ಬಂತಾ? ನಮ್ಮಕ್ಕ ಮೊಣಕಾಲುದ್ದ ನೀರಲ್ಲಿ ನಿಂತಿದ್ಲು ನಿನ್ನೆ. ಕಣ್ಣು ಮಂಜಾದ್ರೆ ಮನೇಲಿ ಕೂತ್ಕೊಳ್ಳಿ. ನಿಮ್ಮ ಕೈ ತಪ್ಪಿ ಒಂದು ಗುಂಡಿ ಒತ್ತಿದ್ರೆ ಇಲ್ಲಿ ಊರು ಮುಳುಗತ್ತೆ. ಇದು ನಿಮ್ಮ ಕಾಗದದ ಸುರುಳಿ ಅಲ್ಲ, ತಪ್ಪಿದ್ರೆ ರಬ್ಬರ್‌ನಲ್ಲಿ ಉಜ್ಜೋಕೆ."

ಪ್ರಿಂಟರಿನ ಹತ್ತಿರ ನಗುತ್ತಿದ್ದವರು ತಿರುಗಿ ನೋಡಿದರು. ಟೇಪಣ್ಣ ಎರಡೂ ಕನ್ನಡಕ ಕತ್ತಿನಿಂದ ತೆಗೆದು ಮೇಜಿನ ಮೇಲಿಟ್ಟು, ಏನೂ ಕಾಣದ ಕಣ್ಣಿಂದ ಕಿಟಕಿಯ ಕಡೆ ತಿರುಗಿ ಕೂತ. ಅವನು ಕೂತ ರೀತಿ ಅವಳ ಸಿಟ್ಟಿಗೆ ತುಪ್ಪ ಸುರಿಯಿತು. ತಪ್ಪು ಮಾಡಿದವರು ಹೀಗೆಯೇ ಕೂರುತ್ತಾರೆ ಎಂದುಕೊಂಡಳು.

ಗದ್ದಲ ಮುಖ್ಯಸ್ಥರ ಕೋಣೆಗೆ ಮುಟ್ಟಲು ಗೋಡೆಯೇನೂ ಅಡ್ಡ ಬರಲಿಲ್ಲ. ಅರ್ಧ ಗಂಟೆಯಲ್ಲಿ ಪತ್ರ ಸಿದ್ಧವಾಯಿತು. ನಕ್ಷೆಗಾರನ ಅಜಾಗರೂಕತೆಯಿಂದ ಮೋರಿಯ ಗೆರೆ ಅಳಿಸಿಹೋಗಿದೆ, ನಾಳೆಯಿಂದ ಗುತ್ತಿಗೆ ರದ್ದು.

"ಮೂರು ಗಂಟೆಗೆ ಮೇಲಿನವರು ವಿಚಾರಣೆಗೆ ಬರ್ತಾರೆ," ಎಂದರು ಮುಖ್ಯಸ್ಥರು. "ವ್ಯವಸ್ಥೆ ನೋಡಿಕೊಳ್ಳೋಳು ನೀನು. ನೀನೊಂದು ಸಹಿ ಹಾಕು, ಮುಗೀತು."

"ದಾಖಲೆ ಲಗತ್ತಿಸ್ತೀನಿ ಸರ್. ಯಾವತ್ತು ಅಳಿಸಿದ್ದು ಅಂತ ಇರತ್ತೆ."

"ಯಾರು ಅಂತಲೂ ಇರತ್ತಾ?"

"ಇರಲ್ಲ. ಎಲ್ಲರಿಗೂ ಒಂದೇ ಬಳಕೆದಾರ ಹೆಸರು, ಒಂದೇ ಪಾಸ್‌ವರ್ಡ್. ನಾವೆಲ್ಲ ಒಂದೇ ಮನೆಯವರು, ಒಂದು ಬೀಗದಕೈ ಸಾಕು ಅಂದಿದ್ರಿ."

ಮುಖ್ಯಸ್ಥರು ಪೇಪರ್‌ವೇಟನ್ನು ತಿರುಗಿಸಿದರು. "ಹೋಗು, ಬೇಗ ತಗೊಂಡು ಬಾ."

ಅಳಿಸಿದ ಗೆರೆಗಳ ಪಟ್ಟಿಯನ್ನು ಡೇಟಾಬೇಸು ತನ್ನಷ್ಟಕ್ಕೆ ಬರೆದಿಡುತ್ತಿತ್ತು. ಅವಳು ತಗ್ಗಿನ ಓಣಿಯ ಮೋರಿಯನ್ನು ಹುಡುಕಿದಳು. ಸಿಕ್ಕಿತು. ಎರಡು ತಿಂಗಳ ಹಿಂದೆ, ಒಂದು ಬುಧವಾರ, ಬೆಳಿಗ್ಗೆ ಆರು ಗಂಟೆ ಸೊನ್ನೆ ನಿಮಿಷ ನಾಲ್ಕು ಸೆಕೆಂಡು. ಅದರ ಕೆಳಗಿನ ಸಾಲಲ್ಲೂ ಒಂದು ಮೋರಿ, ಅದೇ ಹೊತ್ತು. ಅದರ ಕೆಳಗೂ. ಅವಳು ಎಣಿಸಿದಳು. ನೂರಾ ಹದಿನೇಳು ಗೆರೆಗಳು, ಎಲ್ಲ ಒಂದೇ ಸೆಕೆಂಡಿನಲ್ಲಿ.

ಮನುಷ್ಯನ ಕೈ ಅಷ್ಟು ಬೇಗ ಓಡುವುದಿಲ್ಲ.

ದಿನಾ ಬೆಳಿಗ್ಗೆ ಆರಕ್ಕೆ ತನ್ನಷ್ಟಕ್ಕೆ ಓಡುವುದು ಒಂದೇ. ಎರಡು ತಿಂಗಳ ಹಿಂದೆ ಅವಳೇ ಬರೆದು, ಯಾರಿಗೂ ಹೇಳದೆ ಕೂರಿಸಿದ ಶುದ್ಧೀಕರಣದ ಸ್ಕ್ರಿಪ್ಟ್. ಕಾಗದದಿಂದ ಗೆರೆ ಎತ್ತುವಾಗ ಅಲ್ಲಲ್ಲಿ ಚೂರುಪಾರು ಉಳಿಯುತ್ತಿತ್ತು. ಅದನ್ನು ಗುಡಿಸಲು ಒಂದು ಸಾಲು ಹಾಕಿದ್ದಳು. ಹತ್ತು ಮೀಟರಿಗಿಂತ ಚಿಕ್ಕ ಗೆರೆಗಳನ್ನು ಅಳಿಸು. ಟೇಪಣ್ಣ ಮೋರಿಯನ್ನು ಕಾಲುವೆಯ ಜೊತೆ ಸೇರಿಸಿ ಎಳೆಯುತ್ತಿರಲಿಲ್ಲ. ಕಾಲುವೆ ಬೇರೆ, ಮೋರಿ ಬೇರೆ. ಮೋರಿ ಕಟ್ಟಿಕೊಳ್ಳುತ್ತದೆ, ಕುಸಿಯುತ್ತದೆ, ಅದಕ್ಕೆ ಅದರದೇ ಲೆಕ್ಕ ಬೇಕು ಎನ್ನುತ್ತಿದ್ದ. ರಸ್ತೆಗಳು ಹತ್ತು ಮೀಟರ್ ಅಗಲವಿಲ್ಲದ ಊರು. ಅವನು ಚರಂಡಿಗೆ ಇಳಿದು ಅಳೆದು ತಂದಿದ್ದನ್ನೆಲ್ಲ ಅವಳ ಒಂದು ಸಾಲು ಕಸವೆಂದು ಗುಡಿಸಿ ಹಾಕಿತ್ತು. ಈ ಸಲ ನೀರು ನುಗ್ಗಿದ್ದು ತಗ್ಗಿನ ಓಣಿಯ ಮೋರಿಯೊಂದರಲ್ಲಿ, ಅಷ್ಟೆ.

ಅವಳ ಸಿಟ್ಟು ಹೋಗಲಿಲ್ಲ. ಅದು ಹೊರಟ ಬಾಗಿಲಿಗೇ ಹಿಂತಿರುಗಿ ಬಂದು ನಿಂತಿತು, ಅಷ್ಟೆ. ನಂತರ ಪಟ್ಟಿ ಮುದ್ರಿಸಿಕೊಂಡು ಒಳಗೆ ಹೋದಳು.

ಮುಖ್ಯಸ್ಥರು ಎಲ್ಲ ಕೇಳಿದರು. ಕೇಳಿ, ಬಾಗಿಲು ಹಾಕಿ ಬಂದರು.

"ಈ ಸಂಗತಿ ಈಗ ಯಾರಿಗೆ ಬೇಕಮ್ಮ? ಯಂತ್ರ ತಪ್ಪಿತು ಅಂದ್ರೆ ಇಡೀ ವ್ಯವಸ್ಥೆ ಮೇಲೆ ಅನುಮಾನ. ಮನುಷ್ಯ ತಪ್ಪಿದ ಅಂದ್ರೆ ಒಬ್ಬ ಮನುಷ್ಯ, ಅಷ್ಟೆ."

"ಯಂತ್ರ ತಪ್ಪಿಲ್ಲ ಸರ್. ನಾನು ಹೇಳಿದ್ದನ್ನೇ ಮಾಡಿದೆ."

"ಅದೇ ಕಷ್ಟ. ನೀನು ನಮಗೆ ಬೇಕಾದವಳು. ಅವನಿಗೆ ವಯಸ್ಸಾಯ್ತು, ಇವತ್ತಲ್ಲ ನಾಳೆ ಹೋಗೋನೇ. ಬೆಳಿಗ್ಗೆ ಅಷ್ಟು ಜನರ ಮುಂದೆ ಅವನನ್ನ ಉಗಿದವಳೂ ನೀನೇ ಅಲ್ವಾ? ನಾನೇನು ಹೊಸದಾಗಿ ಹೇಳ್ತಿಲ್ಲ. ನಿನ್ನ ಮಾತನ್ನೇ ಟೈಪ್ ಮಾಡಿಸಿದೀನಿ."

ಆ ಮಾತು ಅವಳಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಅವರು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಹೆಚ್ಚು ಉರಿಯಿತು. ಪತ್ರವನ್ನು ಎಳೆದುಕೊಂಡಳು. 'ನಕ್ಷೆಗಾರನ ಅಜಾಗರೂಕತೆ' ಎಂಬಲ್ಲಿ ಮೊದಲ ಪದದ ಮೇಲೆ ಹಾಳೆ ಹರಿಯುವಷ್ಟು ಒತ್ತಿ ಗೀಟು ಎಳೆದಳು. ಅದರ ಜಾಗದಲ್ಲಿ ತನ್ನ ಹುದ್ದೆ ಬರೆದು, ಗುತ್ತಿಗೆ ರದ್ದೆಂಬ ಸಾಲನ್ನು ಹೊಡೆದುಹಾಕಿದಳು. ಕೆಳಗೆ ಸಹಿ ಹಾಕಿ, ಪಟ್ಟಿಯನ್ನು ಪಿನ್ನಿನಿಂದ ಚುಚ್ಚಿ ಇಟ್ಟಳು.

"ಹರಿದು ಹಾಕಿದ್ರೆ ಇನ್ನೊಂದು ತರ್ತೀನಿ," ಎಂದಳು. "ಬಂದವರ ಕೈಗೇ ಕೊಡ್ತೀನಿ."

"ನಿನ್ನ ಕೆಲಸ ಹೋಗತ್ತೆ, ಗೊತ್ತಾ?"

ಅವಳು ಎದ್ದು ಬಾಗಿಲು ತೆರೆದಳು. ಮುಚ್ಚುವ ಗೋಜಿಗೆ ಹೋಗಲಿಲ್ಲ.

ಟೇಪಣ್ಣ ಡ್ರಾಯರು ಖಾಲಿ ಮಾಡುತ್ತಿದ್ದ. ಸುದ್ದಿ ಅಷ್ಟರಲ್ಲೇ ಅವನಿಗೆ ತಲುಪಿತ್ತು. ಅವಳು ಪಟ್ಟಿಯ ಇನ್ನೊಂದು ಪ್ರತಿಯನ್ನು ಅವನ ಮುಂದಿಟ್ಟಳು. ಬೆಳಿಗ್ಗೆ ಯಾವ ಜನರ ಮುಂದೆ ಕೂಗಾಡಿದ್ದಳೋ ಅದೇ ಜನರಿಗೆ ಕೇಳುವ ಹಾಗೆ ಹೇಳಿದಳು: "ಮೋರಿ ಅಳಿಸಿದ್ದು ನಾನು. ನೀವಲ್ಲ. ಹತ್ತು ಮೀಟರಿಗಿಂತ ಚಿಕ್ಕದೆಲ್ಲ ಕಸ ಅಂತ ಬರೆದಿಟ್ಟಿದ್ದೆ."

ಅವನು ಕನ್ನಡಕ ಹಾಕಿಕೊಂಡು ಮೊದಲ ಸಾಲು ಓದಿದ. ಎರಡನೆಯದು ಓದಿದ. ಕೊನೆಯ ಹಾಳೆಗೆ ತಿರುಗಿಸಿ ಒಟ್ಟು ಎಷ್ಟೆಂದು ನೋಡಿದ.

"ಕಸ ಅಂತ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ನಾನೇ ಅಂದ್ಕೊಂಡೆ."

"ನಾನು ಇಲ್ಲೇ ಕೂತಿದ್ದೆ. ಹನ್ನೆರಡು ಹೆಜ್ಜೆ. ಎದ್ದು ಬಂದು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಮೊದಲ ಬಾರಿಗೆ ಅವನು ಅವಳನ್ನು ನೀನು ಎಂದಿದ್ದ.

"ತಪ್ಪಾಯ್ತು. ನನ್ನ..."

"ಅದನ್ನ ಇಟ್ಕೊ. ನನಗೆ ಬೇಡ." ಅವನ ದನಿ ಏರಲಿಲ್ಲ. "ನಾಡಿದ್ದು ಮತ್ತೆ ಜಲಾಶಯದ ಬಾಗಿಲು ತೆಗೀತಾರಂತೆ. ಇಲ್ಲಿ ನೂರಾ ಹದಿನೇಳು ಇದೆ. ಮೊದಲು ಆ ಗುಡಿಸೋದನ್ನ ನಿಲ್ಲಿಸು."

ಅವಳು ಅವನ ಮೇಜಿನಿಂದಲೇ ಡೇಟಾಬೇಸಿಗೆ ಹೋಗಿ ಆ ಸಾಲನ್ನು ಕಿತ್ತುಹಾಕಿದಳು. ಅವನು ಪಕ್ಕದಲ್ಲಿ ನಿಂತು ನೋಡಿದ. ಕುರ್ಚಿ ಎಳೆದುಕೊಳ್ಳಿ ಎನ್ನಲು ಅವಳಿಗೆ ಧೈರ್ಯ ಬರಲಿಲ್ಲ, ಅವನೂ ಕೂರಲಿಲ್ಲ.

"ಎಲ್ಲ ಒಟ್ಟಿಗೆ ವಾಪಸ್ ತರಬಹುದು," ಎಂದಳು. "ಒಂದೇ ಸಲಕ್ಕೆ."

"ಬೇಡ. ಒಟ್ಟಿಗೆ ಮಾಡಿದ್ದು ಸಾಕು. ಆ ಪಟ್ಟಿಯಲ್ಲಿ ನಿಜವಾದ ಕಸವೂ ಇರಬಹುದು, ಕಟ್ಟಿಹೋದ ಮೋರಿಯೂ ಇರಬಹುದು. ಒಂದೊಂದೇ ತೆಗಿ. ನಾನು ಇದೆ ಅಂದ್ರೆ ಹಾಕು. ಗೊತ್ತಿಲ್ಲ ಅಂದ್ರೆ ನಾಳೆ ಹೋಗಿ ನೋಡಿ ಬಾ."

"ಮಳೆಯಲ್ಲೇ?"

"ಮಳೆಯಲ್ಲೇ."

ಅವಳು ಮೊದಲನೆಯದನ್ನು ತೆಗೆದಳು. ಬಿಳಿ ಜಾಗದಲ್ಲಿ ಕಡ್ಡಿಯಷ್ಟು ಗೆರೆ ಮೂಡಿತು. ಅವನು ಬಾಗಿ ನೋಡಿದ.

"ಇದೆ," ಎಂದ. "ಮುಂದಿನದು."