ಗುಮ್ಮಟಕ್ಕೊಂದು ಭೋಂಗಾ

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ನನಗೆ ಗೊತ್ತಿಲ್ಲ. ಗೊತ್ತಿರುವವರು ಬರೆಯಲಿ, ನಾನು ಓದುತ್ತೇನೆ.

ಮೊದಲ ಡ್ರಾಫ್ಟ್ ಹೀಗಿತ್ತು: "ಸಂಜೆಯ ಬಿಸಿಲು ಹಳೆಯ ಗುಮ್ಮಟದ ಮೇಲೆ ಬಂಗಾರದ ನೀರು ಹೊಯ್ದಿತ್ತು." ಹರಿದೆ. ಇಂಥ ಬಂಗಾರವನ್ನು ಯಾವ ಸರಾಫನೂ ಒತ್ತೆ ಇಟ್ಟುಕೊಳ್ಳುವುದಿಲ್ಲ. ಎರಡನೆಯದು: "ನಿಜಾಮರ ಸಂಸ್ಥಾನದ ಅಬಕಾರಿ ವ್ಯವಸ್ಥೆಯಲ್ಲಿ ಸೇಂದಿ ಗುತ್ತಿಗೆಯ ಪಾತ್ರವು..." ಬರೆಯುತ್ತ ಬರೆಯುತ್ತ ನಾನೇ ಆಕಳಿಸಿದೆ. ಮೂರನೆಯದಕ್ಕೆ ಪೆನ್ನು ಎತ್ತುವಷ್ಟರಲ್ಲಿ ತುಳಜಾರಾಮ ಬಂದು ಎದುರಿಗೆ ಕೂತ. ಈತ ನನ್ನ ಕಥೆಯ ಸೇಂದಿ ಗುತ್ತೇದಾರ. ಅಗಲ ಮೀಸೆ, ಚಿಕ್ಕ ತಾಳ್ಮೆ.

"ಬರಿಯೂದು ಆಮ್ಯಾಗ ಬರೀರಿ. ಮೊದಲ ಯಾವ ಭೋಂಗಾ ತರಬೇಕು ಹೇಳ್ರಿ" ಎಂದ. ಭೋಂಗಾ ಎಂದರೆ ಅವನ ಬಾಯಲ್ಲಿ ಲೌಡ್‌ಸ್ಪೀಕರು.

ಕಥೆ ಇಲ್ಲಿಂದಲೇ ಶುರುವಾಯಿತು ಎಂದು ನೀವು ಇಟ್ಟುಕೊಳ್ಳಿ. ನನಗಿನ್ನೂ ಅನುಮಾನವಿದೆ.

೧

ಊರು ಕಲ್ಯಾಣಿ. ಅದಿನ್ನೂ ಬಸವಕಲ್ಯಾಣ ಆಗಿರಲಿಲ್ಲ. ಇಸವಿ ನಲವತ್ತಾರು. (ಮೂವತ್ತೆಂಟು ಎಂದು ಬರೆದಿದ್ದೆ. ಆಗ ಕಲ್ಯಾಣಿಯಂಥ ಊರಿಗೆ ಬ್ಯಾಟರಿ ಸ್ಪೀಕರ್ ಎಲ್ಲಿಂದ ಬರಬೇಕು ಎಂದು ನೀವು ಕೇಳುತ್ತೀರಿ. ನಿಮ್ಮಂಥ ಓದುಗರು ಇರುವುದರಿಂದಲೇ ನನಗೆ ಬಿಪಿ.)

ತುಳಜಾರಾಮನ ಸೇಂದಿಖಾನೆ ಯಾವುದೋ ಕಾಲದ ಒಂದು ಇಮಾರತ್ತಿನಲ್ಲಿತ್ತು. ದಪ್ಪ ಕಲ್ಲಿನ ಗೋಡೆ, ಮೇಲೆ ಗುಮ್ಮಟ. ಕಟ್ಟಿಸಿದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಎಲ್ಲರೂ ತಮ್ಮ ತಾತನ ಹೆಸರು ಹೇಳುತ್ತಿದ್ದರು. ಇಂದಿನ ಭಾಷೆಯಲ್ಲಿ ಅದೊಂದು ಹೆರಿಟೇಜ್ ಪಬ್. ಟೇಬಲ್ ಬದಲು ನೆಲ, ಗ್ಲಾಸಿನ ಬದಲು ಮಣ್ಣಿನ ಮಗಿ, ಮೆನುವಿನಲ್ಲಿ ಈಚಲ ಮರದ ಸೇಂದಿ ಮತ್ತು ತುಳಜಾರಾಮನ ಹೆಂಡತಿ ಶೇವಂತಾಬಾಯಿ ಕರಿದ ಮಿರ್ಚಿ ಭಜಿ.

ತಕರಾರು ಇಷ್ಟೇ. ಹುಮನಾಬಾದಿನ ದಾರಿಯಲ್ಲಿ ರಾಜೇಶ್ವರದ ಸೇಂದಿಯವನು ಹಾಡಿನ ಪೆಟ್ಟಿಗೆ ತಂದು ಕೂಡಿಸಿದ್ದ. ಕಲ್ಯಾಣಿಯ ಗಿರಾಕಿಗಳು ಅಲ್ಲಿಗೆ ಹೋಗಿ ನೀರು ಬೆರೆಸಿದ ಸೇಂದಿಯನ್ನು ಹಾಡಿನ ಜೊತೆ ಕುಡಿದು, ತಲೆದೂಗಿ ಬರುತ್ತಿದ್ದರು. ತುಳಜಾರಾಮನಿಗೆ ಇದು ಹೊಟ್ಟೆಯೊಳಗೆ ಬೆಂಕಿ. ಅವನು ಹುಮನಾಬಾದಿಗೆ ಹೋಗಿ, ಮದುವೆ ಮೆರವಣಿಗೆಗಳಿಗೆ ಸ್ಪೀಕರ್ ಬಾಡಿಗೆ ಕೊಡುವ ಸಲಾವುದ್ದೀನನನ್ನು ಕರೆತಂದ. ಸಲಾವುದ್ದೀನ್ ಹೈದರಾಬಾದಿನಲ್ಲಿ ಕೆಲಸ ಕಲಿತವನು, ಅದನ್ನು ಎದುರಿನವರು ಮರೆಯದಂತೆ ನೋಡಿಕೊಳ್ಳುವವನು.

೨

ಮೊದಲು ಬಂದದ್ದು ಹೂವಿನಾಕಾರದ ಕೊಳವೆಯ ಗ್ರಾಮಫೋನು. ತಟ್ಟೆ ತಿರುಗಿತು. ಹಾಡುವಾಕೆ ಒಂದು ಸಾಲು ಹಾಡಿದಳು. ಗುಮ್ಮಟ ಅದನ್ನೇ ಹಿಡಿದುಕೊಂಡು ತಿರುತಿರುಗಿ ಹಾಡಿತು. ಆಕೆ ಮೂರನೆಯ ಸಾಲಿಗೆ ಹೋದಾಗಲೂ ಗುಮ್ಮಟ ಮೊದಲ ಸಾಲಿನಲ್ಲೇ ಇತ್ತು. ಒಬ್ಬಳು ಹಾಡಿದ್ದು ಆರು ಮಂದಿ ಸವತಿಯರು ಬಾವಿಕಟ್ಟೆಯಲ್ಲಿ ಜಗಳಾಡಿದಂತೆ ಕೇಳಿಸಿತು. ಬಂಡೆಪ್ಪ ಎಂಬ ಹಳೆಯ ಗಿರಾಕಿ ಮಗಿ ಕೆಳಗಿಟ್ಟು, ಸೇಂದಿಯಲ್ಲಿ ಏನು ಬೆರೆಸಿದ್ದೀರಿ ಎಂದು ಜಗಳಕ್ಕೇ ಬಂದ.

ಎರಡನೆಯದು ಕಟ್ಟಿಗೆಯ ಪೆಟ್ಟಿಗೆ ಸ್ಪೀಕರ್. ಅದರಲ್ಲಿ ತಬಲಾ ಮಾತ್ರ ಕೇಳಿಸಿತು, ಅದೂ ಯಾರೋ ನೆಲ ಅಗಿಯುತ್ತಿರುವಂತೆ. ಮೂರನೆಯದು ಕಬ್ಬಿಣದ ದೊಡ್ಡ ಭೋಂಗಾ. ಅದು ಬಾಯಿ ತೆರೆದ ಕ್ಷಣ ಗುಮ್ಮಟದ ಪಾರಿವಾಳಗಳೆಲ್ಲ ಮನೆ ಖಾಲಿ ಮಾಡಿದವು, ಶೇವಂತಾಬಾಯಿಯ ಬಾಣಲೆಯ ಎಣ್ಣೆ ತಾನೇ ತಾನಾಗಿ ಅಲುಗಿತು.

ಸಲಾವುದ್ದೀನ್ ಗೋಡೆಗೆ ಬೆರಳಿನಿಂದ ಬಡಿದು ನೋಡಿ ತೀರ್ಪು ಕೊಟ್ಟ.

"ಸ್ಪೀಕರಿಂದು ತಪ್ಪಿಲ್ಲ ಸೇಠ, ಇಮಾರತ್ತಿಂದು ತಪ್ಪದ. ಈ ಗ್ವಾಡಿ ಆವಾಜ್ ನುಂಗಂಗಿಲ್ಲ, ಉಗುಳ್ತದ. ಸುತ್ತಾ ಕೌದಿ ಬಡೀರಿ. ಆಮ್ಯಾಗ ಯಾವ ಸ್ಪೀಕರ್ ಇಟ್ರೂ ಜೇನಿನಂಗ ಕೇಳ್ತದ."

ಹಳೆಯ ಸೀರೆ, ಚಿಂದಿ ಸೇರಿಸಿ ಹೊಲಿದ ಊರಿನ ದಪ್ಪ ಕೌದಿಗಳನ್ನೆಲ್ಲ ಕೂಡಿಹಾಕಿ, ನಾಲ್ಕೂ ಗೋಡೆಗೆ ಮೊಳೆ ಹೊಡೆದು ಮುಚ್ಚುವುದು ಎಂದಾಯಿತು. ತನ್ನ ತವರಿನ ಕೌದಿ ಕುಡುಕರ ಗೋಡೆಗೆ ಹೋಗುವುದಾದರೆ ತಾನೂ ತವರಿಗೆ ಹೋಗುವೆನೆಂದು ಶೇವಂತಾಬಾಯಿ ಹೇಳಿದಳಂತೆ. ತುಳಜಾರಾಮ ಆ ಒಂದು ಕೌದಿಯನ್ನು ಬಿಟ್ಟ.

ಇದು ಇಲ್ಲಿಗೆ ಒಂದು ಕಾಮಿಡಿ. ಇಲ್ಲೇ ನಿಲ್ಲಿಸಿದ್ದರೆ ನಾನು ಸುಖವಾಗಿರುತ್ತಿದ್ದೆ.

೨ (ಮತ್ತೆ. ಯಾಕೆಂದರೆ ಮುಖ್ಯವಾದದ್ದನ್ನೇ ಬಿಟ್ಟಿದ್ದೆ)

ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರಲ್ಲ, ಈ ಗೋಡೆಗೆ ಬಾಯಿಯೂ ಇತ್ತು. ಪಶ್ಚಿಮದ ಮೂಲೆಯಲ್ಲಿ ಒಂದು ಗೂಡು, ಪೂರ್ವದ ಮೂಲೆಯಲ್ಲಿ ಒಂದು ಗೂಡು, ದೀಪ ಇಡುವಷ್ಟು ಚಿಕ್ಕವು. ಒಂದರಲ್ಲಿ ಬಾಯಿಟ್ಟು ಪಿಸುಗುಟ್ಟಿದರೆ ಗುಮ್ಮಟ ಏರಿ ಇಳಿದು ಇನ್ನೊಂದರಲ್ಲಿ ಕಿವಿಯಿಟ್ಟವನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನಡುವೆ ಕೂತವರಿಗೆ ಏನೂ ಇಲ್ಲ.

ಕಲ್ಯಾಣಿಯಲ್ಲಿ ಜಗಳವಾಡಿ ಮಾತು ಬಿಟ್ಟವರು ಈ ಮೂಲೆಗಳಿಗೆ ಬರುತ್ತಿದ್ದರು. ದೇವರ ಆಣೆ ಹಾಕಿ ಮಾತು ಬಿಟ್ಟಮೇಲೆ ಮತ್ತೆ ಮಾತಾಡುವುದು ಪಾಪ. ಆದರೆ ಗೋಡೆಯ ಜೊತೆ ಮಾತಾಡಬಾರದೆಂದು ಯಾರೂ ಆಣೆ ಹಾಕಿಲ್ಲವಲ್ಲ. ನಿಯಮ ಮೂರು. ಒಂದು ಮಗಿ ಸೇಂದಿ ತೆಗೆದುಕೊಳ್ಳಬೇಕು, ಕುಡಿಯದಿದ್ದರೂ ಸರಿ. ಗೋಡೆಗೆ ಮುಖ ಮಾಡಿ ಕೂಡಬೇಕು, ಹಿಂದಿರುಗಿ ನೋಡಬಾರದು. ಹೊರಗೆ ಬಂದಮೇಲೆ ಏನೂ ಆಗಿಲ್ಲ ಎಂಬಂತೆ ಒಬ್ಬರ ಮುಖ ಒಬ್ಬರು ನೋಡದೆ ಹೋಗಬೇಕು. ಊರಿನವರೂ ಇದನ್ನು ಕಂಡರೂ ಕಾಣದಂತೆ ಇರಬೇಕು. ಇದ್ದರು.

ಅಣ್ಣ ಮಾಣಿಕಪ್ಪ, ತಮ್ಮ ಸಿದ್ದಪ್ಪ. ಹುಮನಾಬಾದಿನ ವೀರಭದ್ರನ ಮುಂದೆ ಆಣೆ ಮಾಡಿ ಮಾತು ಬಿಟ್ಟವರು. ವರ್ಷಗಳಿಂದ ದಿನಾ ಸಂಜೆ ಅಣ್ಣ ಪೂರ್ವಕ್ಕೆ, ತಮ್ಮ ಪಶ್ಚಿಮಕ್ಕೆ. ಅವರು ಗೋಡೆಯಲ್ಲಿ ಏನು ಮಾತಾಡುತ್ತಾರೆ ಎಂಬುದೇ ಊರಿನ ದೊಡ್ಡ ಕುತೂಹಲ. ಅಪ್ಪ ಹೂತಿಟ್ಟ ಗಂಟಿನ ಜಾಗ ಎಂದರು ಕೆಲವರು. ಹುಲಸೂರಿನ ಹೊಲದ ವ್ಯಾಜ್ಯ ಎಂದರು ಇನ್ನು ಕೆಲವರು.

ಅವರು ಜಗಳವಾಡಿದ್ದು ಯಾಕೆ? ಒಂದು ಬಾವಿಗಾಗಿ ಎಂದು ನಾನು ಬರೆದಿದ್ದೆ. ಸಿದ್ದಪ್ಪ ಬಂದು ಹೊಡೆದುಹಾಕಿಸಿದ. ಎಮ್ಮೆ ಎಂದೆ, ಅದನ್ನೂ ಹೊಡೆದುಹಾಕಿಸಿದ. ಹಾಗಾದರೆ ನೀನೇ ಹೇಳು ಎಂದೆ. ನೆಲ ಕೆರೆದು, "ನೆನಪಿಲ್ರಿ" ಎಂದ. ಆಣೆ ಮಾತ್ರ ನೆನಪಿತ್ತು.

೪

ಈಗ ನಿಮಗೆ ಅರ್ಥವಾಗಿರಬೇಕು. ಕೌದಿ ಬಡಿದರೆ ಗೋಡೆ ಮೂಕಾಗುತ್ತದೆ. ಅಣ್ಣತಮ್ಮಂದಿರ ಮಾತು ಮುಗಿಯುತ್ತದೆ. ಆದರೆ ಇಬ್ಬರೂ ಬೇಡ ಎನ್ನುವಂತಿಲ್ಲ. ಬೇಡ ಎಂದರೆ, ಯಾಕೆ, ನೀವು ಮಾತಾಡುತ್ತೀರೇನು ಎಂದು ಯಾರಾದರೂ ಕೇಳಿಯಾರು.

ಆದ್ದರಿಂದ ಮಾಣಿಕಪ್ಪ ಒಬ್ಬನೇ ಬಂದು, ಕೌದಿಯಲ್ಲಿ ತಿಗಣೆ ಸೇರುತ್ತವೆ ಎಂದು ತುಳಜಾರಾಮನಿಗೆ ಅರ್ಧ ಗಂಟೆ ಭಾಷಣ ಮಾಡಿದ. ಅವನು ಹೋದಮೇಲೆ ಸಿದ್ದಪ್ಪ ಬಂದು, ಭಜಿಯ ಒಲೆಯ ಕಿಡಿ ಹಾರಿ ಕೌದಿಗೆ ಬೆಂಕಿ ಹತ್ತುತ್ತದೆ ಎಂದ. ಮರುದಿನ ಮಾಣಿಕಪ್ಪ ಬಂದು, ಹಾಡು ಕೇಳಿದರೆ ಎಮ್ಮೆಗಳು ಹಾಲು ಬಿಡುವುದಿಲ್ಲ ಎಂದ. ಸೇಂದಿಖಾನೆಯಲ್ಲಿ ಎಮ್ಮೆ ಎಲ್ಲಿಂದ ಬಂತು ಎಂದು ತುಳಜಾರಾಮ ಕೇಳಿದ್ದಕ್ಕೆ, ತಿಗಣೆಯ ಭಾಷಣವನ್ನೇ ಮೊದಲಿನಿಂದ ಶುರು ಮಾಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಒಬ್ಬರಲ್ಲ, ಇಬ್ಬರು.

ನಾನೇ ತುಳಜಾರಾಮನಿಗೆ ಸೂಕ್ಷ್ಮವಾಗಿ ಹೇಳಿ ನೋಡಿದೆ.

"ನೀವು ಬರೆಯಾವ್ರು, ನಿಮಗ ಗಿರಾಕಿ ಹೋದ್ರೂ ನಡೀತದ. ನನಗ ನಡಿಯಂಗಿಲ್ಲ" ಎಂದ. ಮನಸ್ಸಿಗೆ ಬಹಳ ನಾಟಿತು. ನಿಜವಿತ್ತು.

೫

ಕೌದಿ ಬಡಿಯುವ ಹಿಂದಿನ ದಿನ, ಸಂಜೆಯ ಮೊದಲು. ಗೋಡೆ ಸಿದ್ಧವಾಗುವವರೆಗೆ ಇರಲಿ ಎಂದು ಸಲಾವುದ್ದೀನ್ ಆ ಕಬ್ಬಿಣದ ಭೋಂಗಾವನ್ನು ಹೊರಬಾಗಿಲ ಕಮಾನಿಗೆ, ಬಜಾರಿನ ಕಡೆ ಮುಖ ಮಾಡಿ ಕಟ್ಟಿದ. ಬಿಸಿ ಭಜಿ, ತಾಜಾ ಸೇಂದಿ ಎಂದು ಕೂಗಿ ಕರೆಯಲು ಒಂದು ಮೈಕೂ ತಂದಿದ್ದ. ಭೋಂಗಾದ ಹತ್ತಿರ ಇಟ್ಟರೆ ಮೈಕು ಕಿರಿಚುತ್ತಿತ್ತು. ಹಾಗಾಗಿ ದೂರ ದೂರ ಸರಿಸುತ್ತ ಹೋಗಿ ಪಶ್ಚಿಮದ ಗೂಡಿನಲ್ಲಿ ಇಟ್ಟ. ಅಲ್ಲಿ ಅದು ಸುಮ್ಮನಾಯಿತು. ಆವಾಜು ಎಲ್ಲಿಯವರೆಗೆ ಹೋಗುತ್ತದೆ ನೋಡುತ್ತೇವೆ, ನೀವು ಇದರಲ್ಲಿ ಮಾತಾಡುತ್ತಿರಿ ಎಂದು ಶೇವಂತಾಬಾಯಿಗೆ ಹೇಳಿ, ತುಳಜಾರಾಮನನ್ನು ಕರೆದುಕೊಂಡು ಕೋಟೆಯ ಕಡೆ ನಡೆದ. ಶೇವಂತಾಬಾಯಿ ಕಬ್ಬಿಣದ ಜರಡಿಯ ಜೊತೆ ಮಾತಾಡುವಷ್ಟು ತನಗೆ ಹುಚ್ಚು ಹಿಡಿದಿಲ್ಲವೆಂದು ಭಜಿ ತಿರುವುತ್ತ ಕೂತಳು.

ಮೈಕು ಆನ್ ಇತ್ತು.

ಸಿದ್ದಪ್ಪ ಬಂದ. ಮಗಿ ತೆಗೆದುಕೊಂಡ. ಮೂಲೆಗೆ ಹೋದ. ಗೂಡಿನಲ್ಲಿ ಏನೋ ಕಬ್ಬಿಣ ತುರುಕಿದ್ದಾರೆ. ಕೌದಿಗಿಂತ ಮೊದಲೇ ಗೂಡಿನ ಬಾಯಿಗೆ ಬಿರಡೆ ಹಾಕಿದರು ಎಂದುಕೊಂಡ. ಆಚೆ ಮೂಲೆಯಲ್ಲಿ ಅಣ್ಣ ಬಂದಿದ್ದಾನೋ ಇಲ್ಲವೋ, ತಿರುಗಿ ನೋಡುವಂತಿಲ್ಲ. ಬಿರಡೆ ದಾಟಿ ಹೋಗಲಿ ಎಂದು ಅದಕ್ಕೆ ತುಟಿ ತಾಗಿಸಿ, ಎಂದಿಗಿಂತ ಗಟ್ಟಿಯಾಗಿ ಕೇಳಿದ.

"ಯಣ್ಣಾ, ಉಂಡೀ?"

ಬಜಾರಿನಲ್ಲಿ ತಕ್ಕಡಿಗಳು ನಿಂತವು. ಬಳೆ ಇಡಿಸಿಕೊಳ್ಳುತ್ತಿದ್ದ ವಜೀರಬಿ ಕೈ ಹಿಂದಕ್ಕೆ ಎಳೆದುಕೊಂಡಳು. ಅಷ್ಟು ವರ್ಷ ಊರು ಹಂಬಲಿಸಿದ ಗುಟ್ಟು ಇದು. ಗಂಟೂ ಇಲ್ಲ, ಹೊಲವೂ ಇಲ್ಲ.

ತನ್ನ ದನಿಯ ಮೊಳಗನ್ನು ಸಿದ್ದಪ್ಪ ಗುಮ್ಮಟದ ಆಟ ಎಂದುಕೊಂಡ. ಭೋಂಗಾ ಮುಂದುವರಿಯಿತು.

"ನಾಳಿ ಗ್ವಾಡಿಗಿ ಕೌದಿ ಬಡೀತಾರಂತ. ನಾಳಿಂದ ಕೇಳಾಕ ಆಗಂಗಿಲ್ಲ. ಅದಕ್ಕ ಮುಂದಿನವೆಲ್ಲಾ ಇವತ್ತ ಕೇಳಿ ಇಡಾಕತ್ತೀನಿ. ನಾಳಿ ಉಂಡೀ? ನಾಡದು ಉಂಡೀ? ಆಚಿ ನಾಡದು ಉಂಡೀ?"

ಮಾಣಿಕಪ್ಪ ಅವತ್ತು ತಡವಾಗಿ ಹೊರಟಿದ್ದ. ಅವನು ಬಜಾರಿನ ನಟ್ಟನಡುವೆ, ಭೋಂಗಾದ ಕೆಳಗೆ ನಿಂತಿದ್ದ. ಇಡೀ ಊರು ಅವನ ಕಡೆ ನೋಡುತ್ತಿತ್ತು. ಕಂಡರೂ ಕಾಣದಂತೆ ಇರಬೇಕಾದವರೇ ಕಣ್ಣು ಬಿಟ್ಟು ನೋಡುವಾಗ ಅವನು ಒಳಗೆ ಹೋಗಿ ಮೂಲೆಯಲ್ಲಿ ಕೂಡುವಂತಿರಲಿಲ್ಲ.

೬ (ಅಂತ್ಯಗಳು)

ಒಂದು. ಮಾಣಿಕಪ್ಪ ಓಡಿಹೋಗಿ ತಮ್ಮನನ್ನು ತಬ್ಬಿಕೊಂಡ. ಬರೆದೆ. ಮಾಣಿಕಪ್ಪ ಒಂದು ಹೆಜ್ಜೆಯನ್ನೂ ಇಡಲಿಲ್ಲ. ವೀರಭದ್ರನ ಆಣೆ ನಿಮ್ಮ ಪೆನ್ನಿಗೆ ಆಟವೇ ಎಂಬಂತೆ ನೋಡಿದ. ಹೊಡೆದುಹಾಕಿದೆ.

ಎರಡು. ಮಾಣಿಕಪ್ಪ ಪಕ್ಕದ ಅಂಗಡಿಯ ಗೋಡೆಗೆ ಮುಖ ಮಾಡಿ, "ಉಂಡೀನಿ" ಎಂದ. ಅದು ಬರೀ ಮಣ್ಣಿನ ಗೋಡೆ, ಎಲ್ಲಿಗೂ ಮುಟ್ಟಿಸುವುದಿಲ್ಲ. ಆಗ ಅಂಗಡಿಯವನು ಮುಖ ಆಚೆ ತಿರುಗಿಸಿ ಪಕ್ಕದವನಿಗೆ, ಅವನು ವಜೀರಬಿಗೆ, ಆಕೆ ಬಾಗಿಲಲ್ಲಿದ್ದ ಶೇವಂತಾಬಾಯಿಗೆ, ಯಾರೂ ಯಾರ ಮುಖವನ್ನೂ ನೋಡದೆ, ಉಂಡಾನಂತ, ಉಂಡಾನಂತ ಎಂದು ಒಳಗೆ ಸಾಗಿಸಿದರು. ಇದನ್ನು ಬರೆದು ನಾನು ಅತ್ತೆ. ನಾಚಿಕೆಯೇನಿಲ್ಲ, ಅತ್ತೆ. ಇದೇ ಅಂತ್ಯ ಎಂದು ಗಟ್ಟಿ ಮಾಡಿ ಪೆನ್ನಿಗೆ ಕ್ಯಾಪು ಹಾಕಿದೆ.

ಮಾಣಿಕಪ್ಪ ಬಂದು ಕ್ಯಾಪು ತೆಗೆದ.

"ಚಲೋ ಬರದೀರಿ. ಖರೇ ನಾ ಇನ್ನಾ ಉಂಡಿಲ್ಲರಿ" ಎಂದ.

ಹಾಗೆಂದರೆ?

"ದಿನಾ ಅಂವ ಕೇಳ್ತಾನ. ನಾ ಇನ್ನಾ ಇಲ್ಲ ಅಂತೀನಿ. ಹಂಗಾರ ಹೋಗಿ ಉಣ್ಣು ಅಂತಾನ. ಆಮ್ಯಾಗ ಹೋಗಿ ಉಣ್ತೀನಿ. ಅಂವ ಅನ್ನದ ನಾ ಹ್ಯಾಂಗ ಉಣ್ಲಿ?"

ಒಂದು ಸಣ್ಣ ಸುಳ್ಳು ಹೇಳು, ಕಥೆ ಮುಗಿಯುತ್ತದೆ ಎಂದು ಬೇಡಿಕೊಂಡೆ. ಊಟದ ವಿಷಯದಲ್ಲಿ ತಮ್ಮನಿಗೆ ಸುಳ್ಳು ಹೇಳುವುದಿಲ್ಲ ಎಂದ. ನಾಳೆಯ ಉತ್ತರ ಇವತ್ತೇ ಕೊಡಲೂ ಒಪ್ಪಲಿಲ್ಲ. ನಾಳೆ ಹಸಿವಾದಾಗಲೇ ಗೊತ್ತಾಗುವುದು ಎಂದ.

ಮೂರು. ಇಲ್ಲ.

ಓದುಗರೇ, ತುಳಜಾರಾಮ ಕೋಟೆಯ ಕಡೆಯಿಂದ ಓಡಿಬರುತ್ತಿದ್ದಾನೆ, ಆವಾಜು ಅಲ್ಲಿಯವರೆಗೂ ಮುಟ್ಟಿದೆ. ಕೌದಿ ಬಡಿಯಲೋ ಬೇಡವೋ, ಯಾವ ಸ್ಪೀಕರ್ ಖಾಯಂ ಮಾಡಲಿ ಎಂದು ನನ್ನನ್ನೇ ಕೇಳುತ್ತಾನೆ. ನೀವೇ ಏನಾದರೂ ಹೇಳಿ ಕಳಿಸಿ, ನನಗೆ ಪುರುಸೊತ್ತಿಲ್ಲ. ಬ್ಯಾಟರಿ ಹೆಚ್ಚು ಹೊತ್ತು ಬಾಳುವುದಿಲ್ಲ ಎಂದು ಅವನ ಹಿಂದೆಯೇ ಓಡಿಬರುವ ಸಲಾವುದ್ದೀನ್ ಎಚ್ಚರಿಸುತ್ತಿದ್ದಾನೆ. ಬಜಾರಿನ ನಡುವೆ ಹಸಿದ ಒಬ್ಬ ಅಣ್ಣ ನಿಂತಿದ್ದಾನೆ, ಉಣ್ಣು ಎಂದರೆ ಉಣ್ಣುತ್ತಾನೆ. ಒಳಗೆ ಒಬ್ಬ ತಮ್ಮ ಗೋಡೆಯಲ್ಲಿ ಕಿವಿಯಿಟ್ಟು ಇನ್ನಾ ಇಲ್ಲ ಎಂಬ ಎರಡು ಮಾತಿಗೆ ಕಾಯುತ್ತಾನೆ, ಬರುವುದಿಲ್ಲ, ಮತ್ತೆ ಕೇಳುತ್ತಾನೆ. ನಾನು ಇಲ್ಲಿ ಪೂರ್ಣವಿರಾಮ ಇಟ್ಟರೆ ಮಾಣಿಕಪ್ಪ ಉಪವಾಸ ಮಲಗುತ್ತಾನೆ. ಇಡಲಾರೆ. ಸಿದ್ದಪ್ಪ ದೀಪಾವಳಿ ದಾಟಿದ್ದಾನೆ, ಸಂಕ್ರಾಂತಿಗೆ ಬಂದಿದ್ದಾನೆ, ಉಗುಳು ನುಂಗಿಕೊಂಡು ಮತ್ತೆ ಶುರು ಮಾಡಿದ್ದಾನೆ,

"ಯಣ್ಣಾ, ಯುಗಾದಿಗಿ ಉಂಡೀ? ಅದರ ಮರುದಿನ ಉಂಡೀ? ಅದರ ಮರುದಿನ